ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಡಿ

ಮುಲುಂಡ್, ಘಾಟ್‌ಕೋಪರ್, ಚೆಂಬೂರು, ಕಾಂದಿವಲಿ, ಬೊರಿವಲಿ, ಮುಂಬೈಯ ಯಾವ ಉಪನಗರಕ್ಕೆ ಹೋದರೂ ಹಳೆಯ ಕಟ್ಟಡವೊಂದರ ಗೇಟಿನ ಮೇಲೆ ಬಿಲ್ಡರನ ಫಲಕ ಕಣ್ಣಿಗೆ ಬೀಳುತ್ತದೆ. ನಲವತ್ತು ಐವತ್ತು ವರ್ಷಗಳ ಹಿಂದೆ ಕಟ್ಟಿದ, ಲಿಫ್ಟ್ ಇಲ್ಲದ, ಮಳೆಗಾಲದಲ್ಲಿ ಸೋರುವ ಮೂರು ನಾಲ್ಕು ಮಾಳಿಗೆಯ ಸೊಸೈಟಿಗಳು ಒಂದರ ಹಿಂದೆ ಒಂದರಂತೆ ರೀಡೆವಲಪ್‌ಮೆಂಟಿಗೆ, ಅಂದರೆ ಬಿಲ್ಡರನಿಂದ ಕೆಡವಿಸಿ ಮತ್ತೆ ಕಟ್ಟಿಸಿಕೊಳ್ಳಲು, ಹೋಗುತ್ತಿವೆ. ಇದಕ್ಕೆ ಸದಸ್ಯರು ಹೂಂ ಅನ್ನಬೇಕು. ಆ ಹೂಂ ಈಗ ಹುಟ್ಟುವುದು ಸೊಸೈಟಿಯ ಆಫೀಸಿನಲ್ಲೂ ಅಲ್ಲ, ಗಚ್ಚಿಯ ಮೇಲೆ ಕುರ್ಚಿ ಹಾಕಿ ನಡೆಸುವ ಸಭೆಯಲ್ಲೂ ಅಲ್ಲ; ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಬಿಲ್ಡರನ ಪ್ರಸ್ತಾವ ಪಿಡಿಎಫ್ ರೂಪದಲ್ಲಿ ಬೆಳಿಗ್ಗೆ ಬರುತ್ತದೆ, ಅದರಡಿಯಲ್ಲಿ ಹೆಬ್ಬೆರಳಿನ ಚಿತ್ರಗಳು ಸಾಲುಗಟ್ಟುತ್ತವೆ, ಒಂದಿಬ್ಬರು ಪ್ರಶ್ನೆ ಕೇಳುತ್ತಾರೆ, ನಡುವೆ ಯಾರದೋ ಹುಟ್ಟುಹಬ್ಬದ ಶುಭಾಶಯ ಬಂದು ಪ್ರಶ್ನೆ ಮೇಲಕ್ಕೆ ಸರಿದುಹೋಗುತ್ತದೆ. ಸಂಜೆಗೆ ಕಮಿಟಿಯ ಸಂದೇಶ ಬರುತ್ತದೆ: ಎಲ್ಲರ ಸಹಮತವಿದೆ, ಮುಂದುವರಿಯುತ್ತಿದ್ದೇವೆ. ಆ ‘ಎಲ್ಲರ ಸಹಮತ’ ಎಂಬ ಮಾತನ್ನು ಯಾವಾಗ ಬರೆಯಬಹುದು, ಯಾವಾಗ ಬರೆಯಬಾರದು ಎಂಬುದಕ್ಕೆ ನಮ್ಮಲ್ಲಿ ಒಂದು ಲೆಕ್ಕ ಇಲ್ಲ. ಆ ಲೆಕ್ಕವನ್ನು ಈಗಲೇ ಮಾಡಿಕೊಳ್ಳದಿದ್ದರೆ ಲಕ್ಷಾಂತರ ಜನರು ಬದುಕಿನಲ್ಲಿ ಗಳಿಸಿದ ಏಕೈಕ ಆಸ್ತಿಯ ಬಗ್ಗೆ ತೀರ್ಮಾನಗಳು ಹೀಗೆಯೇ ಆಗುತ್ತ ಹೋಗುತ್ತವೆ.

ಕಾನೂನಿನಲ್ಲೇನೋ ಮತಗಳ ಲೆಕ್ಕ ಇದೆ. ಮಹಾರಾಷ್ಟ್ರ ಸಹಕಾರ ಸಂಘಗಳ 1960ರ ಕಾಯ್ದೆಯ 79ಎ ಕಲಮಿನ ಅಡಿಯಲ್ಲಿ ಸರ್ಕಾರ 2009ರ ಜನವರಿ 3ರಂದು ಹೊರಡಿಸಿದ ಆದೇಶ ರೀಡೆವಲಪ್‌ಮೆಂಟಿಗೆ ನಾಲ್ಕರಲ್ಲಿ ಮೂರು ಪಾಲಿನ ಬಹುಮತ ಬೇಕೆಂದಿತ್ತು. 2019ರ ಜುಲೈ 4ರ ಹೊಸ ಆದೇಶ ಅದನ್ನು ಸಡಿಲಿಸಿತು. ಮೂರರಲ್ಲಿ ಎರಡು ಪಾಲು ಸದಸ್ಯರು ಸಭೆಗೆ ಬಂದಿರಬೇಕು, ಒಟ್ಟು ಸದಸ್ಯರಲ್ಲಿ ಶೇ 51ರಷ್ಟು ಮಂದಿ ಒಪ್ಪಿದರೆ ಸಾಕು ಎಂದಿತು. ಅದರ ಜೊತೆಗೆ ಕೆಲವು ಕಾವಲುಗಳನ್ನೂ ಇಟ್ಟಿತು. ಸಭೆಗೆ ಮುಂಚಿತವಾಗಿ ನೋಟಿಸು ಕೊಡಬೇಕು, ಸದಸ್ಯರು ಲಿಖಿತ ಸಲಹೆ ಕೊಡಲು ಅವಕಾಶವಿರಬೇಕು, ಸಭೆಯ ವಿಡಿಯೊ ಆಗಬೇಕು, ಬಿಲ್ಡರನನ್ನು ಆರಿಸುವ ಸಭೆಗೆ ರಿಜಿಸ್ಟ್ರಾರ್ ಕಚೇರಿಯ ಅಧಿಕಾರಿ ಹಾಜರಿರಬೇಕು. ಈ ಮಾರ್ಗಸೂಚಿಗಳು ಕಟ್ಟುನಿಟ್ಟಿನ ಕಡ್ಡಾಯವಲ್ಲ, ದಾರಿ ತೋರಿಸುವಂಥವು ಎಂದು ಬಾಂಬೆ ಹೈಕೋರ್ಟ್ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಹೇಳಿದೆ. ಆದ್ದರಿಂದ ಕಾಗದದ ಮೇಲಿನ ಕಾವಲು ಎಷ್ಟು ಗಟ್ಟಿ ಎಂಬುದು ಕೊನೆಗೂ ಸದಸ್ಯರ ಎಚ್ಚರವನ್ನೇ ಅವಲಂಬಿಸಿದೆ.

ತೊಂದರೆ ಇರುವುದು ಕಾನೂನಿನ ಸಭೆಗೂ ಮೊಬೈಲಿನ ಚರ್ಚೆಗೂ ನಡುವಿನ ಅಂತರದಲ್ಲಿ. ಸಭೆ ಒಂದು ಸಂಜೆ, ಎರಡು ಗಂಟೆಯದು. ಗುಂಪಿನ ಚರ್ಚೆ ತಿಂಗಳುಗಟ್ಟಲೆಯದು. ಕೋವಿಡ್ ಕಾಲದಲ್ಲಿ ವಿಡಿಯೊ ಕಾನ್ಫರೆನ್ಸಿನಲ್ಲಿ ಸಭೆ ನಡೆಸಲು ಅನುಮತಿ ಸಿಕ್ಕ ಮೇಲಂತೂ ಎರಡರ ನಡುವಿನ ಗೆರೆ ಇನ್ನಷ್ಟು ಅಳಿಸಿದೆ. ಸಭೆಗೆ ಬರುವ ಹೊತ್ತಿಗೆ ಜನ ಮನಸ್ಸು ಮಾಡಿಯಾಗಿರುತ್ತದೆ. ಅಲ್ಲಿ ಎದ್ದು ಪ್ರಶ್ನೆ ಕೇಳುವವರಿಗೆ ‘ಅದೆಲ್ಲ ಗ್ರೂಪಿನಲ್ಲಿ ಚರ್ಚೆಯಾಗಿದೆ’ ಎಂಬ ಉತ್ತರ ಸಿಗುತ್ತದೆ. ಹಾಗಾದರೆ ಕೇಳಲೇಬೇಕಾದ ಮೊದಲ ಪ್ರಶ್ನೆ, ಆ ಗುಂಪಿನಲ್ಲಿ ಇರುವವರು ಯಾರು? ಷೇರು ಸರ್ಟಿಫಿಕೇಟ್ ಎಪ್ಪತ್ತೈದು ವರ್ಷದ ತಾಯಿಯ ಹೆಸರಿನಲ್ಲಿರುತ್ತದೆ, ಗುಂಪಿನಲ್ಲಿರುವುದು ಮಗನ ನಂಬರು. ಒಂದು ಮನೆಯಿಂದ ಗಂಡ, ಹೆಂಡತಿ, ಮಗ ಮೂವರೂ ಇರುತ್ತಾರೆ. ಮೇಲಿನ ಮನೆಯಿಂದ ಒಬ್ಬರೂ ಇರುವುದಿಲ್ಲ. ಬಾಡಿಗೆಗಿರುವವರು ನೀರಿನ ಸಮಯ ತಿಳಿಯಲೆಂದು ಸೇರಿಕೊಂಡಿರುತ್ತಾರೆ. ಮಾಲೀಕರು ಊರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಮೂವತ್ತೆರಡು ಮನೆಗಳ ಸೊಸೈಟಿಯೊಂದರಲ್ಲಿ ನಲವತ್ತು ಹೆಬ್ಬೆರಳು ಎದ್ದವು ಎಂದುಕೊಳ್ಳಿ. ಅದು ಎಷ್ಟು ಸದಸ್ಯರ ಒಪ್ಪಿಗೆ ಎಂದು ಯಾರೂ ಹೇಳಲಾರರು. ಸಹಕಾರದ ಮೂಲ ನಿಯಮ ಒಬ್ಬ ಸದಸ್ಯನಿಗೆ ಒಂದು ಮತ. ಗುಂಪಿನಲ್ಲಿ ಆ ನಿಯಮ ಮೊದಲ ದಿನವೇ ಮುರಿದಿರುತ್ತದೆ.

ಎರಡನೆಯದು, ಮೌನದ ಅರ್ಥ. ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಮಾತನ್ನು ನಾವು ಮದುವೆ ಮಾತುಕತೆಯಿಂದ ಹಿಡಿದು ಸೊಸೈಟಿಯ ನಿರ್ಣಯದವರೆಗೆ ಎಲ್ಲ ಕಡೆ ಬಳಸುತ್ತೇವೆ. ಆದರೆ ಗುಂಪಿನ ಮೌನಕ್ಕೆ ಹತ್ತು ಕಾರಣಗಳಿರುತ್ತವೆ. ಕೆಲವರು ಇಪ್ಪತ್ತೆರಡು ಪುಟದ ಇಂಗ್ಲಿಷ್ ಕರಾರು ಓದಿರುವುದಿಲ್ಲ. ಕೆಲವರು ಓದಿಯೂ ಅರ್ಥವಾಗದೆ, ಕೇಳಿದರೆ ಅವಮಾನ ಎಂದುಕೊಂಡು ಸುಮ್ಮನಿರುತ್ತಾರೆ. ಕೆಲವರಿಗೆ ಸೆಕ್ರೆಟರಿಯ ಮುಖ ದಿನಾ ನೋಡಬೇಕು, ಪಾರ್ಕಿಂಗಿಗೂ ಎನ್‌ಒಸಿಗೂ ಅವರನ್ನೇ ಕೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ 2022ರಿಂದ ಮತಗಣನೆಯ ಸೌಲಭ್ಯ ಇದೆ. ಅದರಲ್ಲಿ ಯಾರು ಯಾವ ಕಡೆ ಒತ್ತಿದರು ಎಂಬುದು ಎಲ್ಲರಿಗೂ ಹೆಸರು ಸಮೇತ ಕಾಣುತ್ತದೆ. ಮೊದಲ ಹತ್ತು ಮಂದಿ ‘ಹೌದು’ ಎಂದ ಮೇಲೆ ಹನ್ನೊಂದನೆಯವರು ‘ಇಲ್ಲ’ ಎನ್ನಲು ಗಟ್ಟಿ ಎದೆ ಬೇಕು. ಇದು ಬರಿಯ ಊಹೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸೊಲೊಮನ್ ಆ್ಯಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಕಣ್ಣೆದುರಿನ ಗೆರೆಗಳ ಉದ್ದವನ್ನು ಹೋಲಿಸುವ ಸರಳ ಕೆಲಸದಲ್ಲೂ, ಉಳಿದವರೆಲ್ಲ ಒಂದೇ ಧ್ವನಿಯಲ್ಲಿ ತಪ್ಪು ಹೇಳಿದಾಗ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಆ ತಪ್ಪಿನ ಕಡೆ ವಾಲಿದವು. ಗುಂಪಿನಲ್ಲಿ ಇನ್ನೊಬ್ಬರಾದರೂ ನಿಜ ಹೇಳಿದರೆ ಆ ವಾಲುವಿಕೆ ತೀರ ಇಳಿಯಿತು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗಲೂ ಇಳಿಯಿತು. ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ನೆರೆಹೊರೆಯ ಸಂಬಂಧ, ಭಯ, ಆಸೆ ಎಲ್ಲ ಕಲೆತಿರುವ ಮನೆಯ ವಿಷಯದಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ಮೂರು ಬೇರೆ ಬೇರೆ ಮಾತುಗಳಿವೆ, ಮೂರನ್ನೂ ನಾವು ಕಲಸಿಬಿಟ್ಟಿದ್ದೇವೆ. ಬಹುಮತ ಎಂದರೆ ಎಣಿಕೆ. ಸರ್ವಾನುಮತ ಎಂದರೆ ಒಬ್ಬರೂ ಬೇಡ ಎನ್ನದ ಸ್ಥಿತಿ. ಅದು ಅಪರೂಪ, ಅದನ್ನೇ ಕಾಯುತ್ತ ಕೂತರೆ ಯಾವ ಕೆಲಸವೂ ಆಗದು. ಒಮ್ಮತ ಇವೆರಡರ ನಡುವಿನದು, ಇವೆರಡಕ್ಕಿಂತ ಕಷ್ಟದ್ದು. ಮನಸ್ಸಿನಲ್ಲಿ ಪೂರ್ತಿ ಒಪ್ಪದವರೂ ‘ನನ್ನ ಮಾತನ್ನು ಕೇಳಿದರು, ಅದಕ್ಕೆ ಉತ್ತರ ಕೊಟ್ಟರು, ಇನ್ನು ನಾನು ಅಡ್ಡ ಬರುವುದಿಲ್ಲ’ ಎನ್ನುವ ಸ್ಥಿತಿ ಅದು. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ, 1986ರಲ್ಲಿ ಹುಟ್ಟಿದ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಸಂಸ್ಥೆ ಈ ವ್ಯತ್ಯಾಸವನ್ನು ತನ್ನ ಕೆಲಸದ ಬುನಾದಿ ಮಾಡಿಕೊಂಡಿದೆ. ಅಲ್ಲಿ ಮತ ಹಾಕುವ ಪದ್ಧತಿ ಇಲ್ಲ. ಸಭೆಯಲ್ಲಿ ಒಲವು ತಿಳಿಯಬೇಕಾದಾಗ ಅವರು ಹೂಂಗುಟ್ಟುತ್ತಾರೆ. ನಿಜವಾಗಿಯೂ ಬಾಯಿ ಮುಚ್ಚಿ ಗುಂಯ್ ಎನ್ನುತ್ತಾರೆ, ಯಾರು ಹೂಂಗುಟ್ಟಿದರೆಂದು ಹೆಸರು ಹಿಡಿದು ಹೇಳಲಾಗದಂತೆ. ಆ ಗುಂಯ್‌ಕಾರ ಚರ್ಚೆಯ ಆರಂಭ ಮಾತ್ರ. ಬೇಡ ಎಂದು ಹೂಂಗುಟ್ಟಿದವರಿಗೆ ಕಾರಣ ಹೇಳಲು ಅವಕಾಶ, ಆ ಕಾರಣಕ್ಕೆ ಉತ್ತರ, ಆಮೇಲಷ್ಟೇ ತೀರ್ಮಾನ. 2014ರಲ್ಲಿ ಆ ಸಂಸ್ಥೆ ಪ್ರಕಟಿಸಿದ ಆರ್‌ಎಫ್‌ಸಿ 7282 ಎಂಬ ದಾಖಲೆ ಇನ್ನೂ ಮುಂದೆ ಹೋಗಿ ಹೇಳುತ್ತದೆ: ನೂರು ಜನ ಪರ, ಐವರು ವಿರುದ್ಧ ಇದ್ದರೂ ಆ ಐವರ ಆಕ್ಷೇಪಕ್ಕೆ ಉತ್ತರ ಸಿಗದಿದ್ದರೆ ಒಮ್ಮತವಾಗಿಲ್ಲ, ಐವರು ಪರ, ನೂರು ಜನ ವಿರುದ್ಧ ಇದ್ದರೂ ಆ ನೂರು ಜನರ ಆಕ್ಷೇಪ ಒಂದೇ ಆಗಿದ್ದು ಅದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದರೆ ಒಮ್ಮತ ಆಗಿರಬಹುದು. ಎರಡನೆಯ ಮಾತನ್ನು ಮನೆಯ ವಿಷಯಕ್ಕೆ ನಾನು ಒಪ್ಪಲಾರೆ. ನೂರು ಜನರ ಮನೆಯನ್ನು ಐವರು ಮಾರಲಾಗದು. ಮೊದಲನೆಯ ಮಾತು ಮಾತ್ರ ಮುಂಬೈಯ ಪ್ರತಿ ಸೊಸೈಟಿಯ ನೋಟಿಸ್ ಬೋರ್ಡಿನ ಮೇಲೆ ಇರಬೇಕಾದದ್ದು.

ಇದು ಎಂಜಿನಿಯರುಗಳ ಲೋಕಕ್ಕೆ ಮಾತ್ರ ಸಲ್ಲುವ ಪದ್ಧತಿಯೆಂದು ತಿಳಿಯಬೇಕಾಗಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬಳಗದ ಚರ್ಚೆ ನಡೆಯುವ ಪುಟದ ಹೆಸರು ‘ಅರಳಿ ಕಟ್ಟೆ’. ಹೆಸರಿಟ್ಟವರು ಸರಿಯಾದ ಜಾಗವನ್ನೇ ನೆನೆದಿದ್ದಾರೆ. ವಿಕಿಪೀಡಿಯದ ಚರ್ಚೆಗಳಿಗೆ ಹಿನ್ನೆಲೆಯಾಗಿರುವ ತತ್ವ, ಚರ್ಚೆ ಮತದಾನವಲ್ಲ ಎಂಬುದು. ಇಂಗ್ಲಿಷ್ ಆವೃತ್ತಿಯಲ್ಲಿ ದೊಡ್ಡ ಬದಲಾವಣೆಯ ಪ್ರಸ್ತಾವ ಸಾಮಾನ್ಯವಾಗಿ ಮೂವತ್ತು ದಿನ ತೆರೆದಿರುತ್ತದೆ. ಜಟಿಲವಾದ ಚರ್ಚೆಯನ್ನು ಮುಗಿಸಿ ಏನು ತೀರ್ಮಾನವಾಯಿತೆಂದು ಬರೆಯುವವರು ಆ ಚರ್ಚೆಯಲ್ಲಿ ಭಾಗವಹಿಸದವರಾಗಿರಬೇಕು. ಕಾರಣ ಕೊಡದೆ ‘ಬೆಂಬಲ’ ಎಂದಷ್ಟೇ ಬರೆದ ನಲವತ್ತು ಸಾಲುಗಳಿಗಿಂತ, ಕಾರಣ ಕೊಟ್ಟು ಬರೆದ ನಾಲ್ಕು ಸಾಲುಗಳಿಗೆ ತೂಕ ಹೆಚ್ಚು. ಯಾವ ಪಠ್ಯದ ಮೇಲೆ ಚರ್ಚೆ ನಡೆಯಿತೋ ಆ ಪಠ್ಯ ಅಲ್ಲೇ ಇರುತ್ತದೆ, ನಡುವೆ ತಿದ್ದಿದರೆ ತಿದ್ದಿದ್ದು ಕಾಣುತ್ತದೆ. ಈ ಕೊನೆಯದನ್ನು ಸೊಸೈಟಿಗಳು ಗಮನಿಸಬೇಕು. ಮೊದಲ ವಾರ ಗುಂಪಿಗೆ ಬಂದ ಕರಡಿನಲ್ಲಿ ಹೆಚ್ಚುವರಿ ಕಾರ್ಪೆಟ್ ಏರಿಯಾ ಒಂದು ಪ್ರಮಾಣದಲ್ಲಿದ್ದು, ಮೂರನೆಯ ವಾರದ ಕರಡಿನಲ್ಲಿ ಇನ್ನೊಂದಾಗಿದ್ದರೆ, ಮೊದಲ ವಾರ ಎತ್ತಿದ ಹೆಬ್ಬೆರಳು ಯಾವುದಕ್ಕೆ ಸೇರಿದ್ದು? ಪಠ್ಯ ಬದಲಾದ ಕ್ಷಣಕ್ಕೆ ಹಳೆಯ ಒಪ್ಪಿಗೆಗಳೆಲ್ಲ ಬಿದ್ದುಹೋಗಬೇಕು, ಲೆಕ್ಕ ಹೊಸದಾಗಿ ಶುರುವಾಗಬೇಕು. ಇದಕ್ಕೆ ಯಾವ ತಂತ್ರಜ್ಞಾನವೂ ಬೇಡ, ಪ್ರಾಮಾಣಿಕತೆ ಸಾಕು.

ಎಣಿಕೆಯೊಂದೇ ಸಾಲದು ಎಂಬುದಕ್ಕೆ ಈ ದೇಶದಲ್ಲೇ ಎರಡು ದೊಡ್ಡ ಉದಾಹರಣೆಗಳಿವೆ, ಒಂದು ಈ ನಗರದ್ದೇ. 2015ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಕೆಲವು ಜಾಲತಾಣಗಳಿಗೆ ಮಾತ್ರ ಉಚಿತ ಪ್ರವೇಶ ಕೊಡಬಹುದೇ ಎಂದು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರು ಸಿದ್ಧ ಪಠ್ಯದ ಲಕ್ಷಾಂತರ ಸಂದೇಶಗಳನ್ನು ಕಳುಹಿಸುವಂತೆ ಮಾಡಿತು. ಟ್ರಾಯ್ ಕೇಳಿದ್ದು ನಾಲ್ಕು ನಿರ್ದಿಷ್ಟ ಪ್ರಶ್ನೆಗಳನ್ನು. ಬಂದ ಸಂದೇಶಗಳಲ್ಲಿ ಆ ಪ್ರಶ್ನೆಗಳಿಗೆ ಉತ್ತರ ಇರಲಿಲ್ಲ. ಸಮಾಲೋಚನೆಯನ್ನು ಆಯೋಜಿತ ಬಹುಮತದ ಅಭಿಪ್ರಾಯ ಸಂಗ್ರಹವಾಗಿ ಇಳಿಸಬೇಡಿ ಎಂಬರ್ಥದಲ್ಲಿ ಟ್ರಾಯ್ ಆ ಸಂಸ್ಥೆಗೆ ಖಾರವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು ವಾದಗಳನ್ನು ತೂಗಿ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಇಲ್ಲಿ ಎಣಿಕೆಯನ್ನು ಬದಿಗಿಟ್ಟಿದ್ದು ಸರಿಯಾಗಿತ್ತು, ಏಕೆಂದರೆ ಪ್ರಾಧಿಕಾರ ಆದೇಶದ ಜೊತೆಗೇ ತನ್ನ ಕಾರಣಗಳನ್ನು ವಿವರವಾಗಿ ಬರೆದು ಪ್ರಕಟಿಸಿತು. ಈಗ ಮುಂಬೈಗೆ ಬನ್ನಿ. 2019ರಲ್ಲಿ ಆರೆ ಕಾಲೊನಿಯಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ 2,600ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಅಥವಾ ಬೇರೆಡೆ ನೆಡುವ ಪ್ರಸ್ತಾವಕ್ಕೆ 82 ಸಾವಿರಕ್ಕೂ ಹೆಚ್ಚು ಆಕ್ಷೇಪಗಳು ಬಂದಿದ್ದವೆಂದು ವರದಿಯಾಗಿತ್ತು. ಮಹಾನಗರ ಪಾಲಿಕೆಯ ವೃಕ್ಷ ಪ್ರಾಧಿಕಾರ ಆಗಸ್ಟ್ 29ರಂದು ಪ್ರಸ್ತಾವವನ್ನು ಮತಕ್ಕೆ ಹಾಕಿ ಅಂಗೀಕರಿಸಿತು. ಅಕ್ಟೋಬರ್ 4ರಂದು ಹೈಕೋರ್ಟ್ ಅದನ್ನು ವಿರೋಧಿಸಿದ ಅರ್ಜಿಗಳನ್ನು ತಳ್ಳಿಹಾಕಿದ ರಾತ್ರಿಯೇ ಗರಗಸಗಳು ಬಂದವು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ 2,141 ಮರಗಳು ಉರುಳಿದ್ದವು. 82 ಸಾವಿರ ದೊಡ್ಡ ಸಂಖ್ಯೆಯಾದ್ದರಿಂದ ಅವರ ಮಾತೇ ಗೆಲ್ಲಬೇಕಿತ್ತು ಎಂಬುದು ನನ್ನ ವಾದವಲ್ಲ. ಹಾಗೆ ಹೇಳಿದರೆ ಫ್ರೀ ಬೇಸಿಕ್ಸ್ ಸಂದೇಶಗಳ ಬಗ್ಗೆ ಹೇಳಿದ್ದು ಸುಳ್ಳಾಗುತ್ತದೆ. ಅಷ್ಟು ಪತ್ರಗಳಲ್ಲಿ ಬೇರೆ ಬೇರೆಯಾದ ಪ್ರಶ್ನೆಗಳು ಬಹುಶಃ ಹತ್ತೋ ಹದಿನೈದೋ ಇದ್ದಿರಬೇಕು. ಮಿಥಿ ನದಿಯ ಪಾತ್ರ, ಕಾಂಜುರ್‌ಮಾರ್ಗದ ಪರ್ಯಾಯ ಜಾಗ, ಅಲ್ಲಿನ ಆದಿವಾಸಿ ಪಾಡಾಗಳು, ಇಂಥವು. ಅವುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಊರಿಗೆಲ್ಲ ತಿಳಿಯುವಂತೆ ಉತ್ತರ ಬರೆದು, ಅದನ್ನು ಓದಲು ನಾಲ್ಕು ವಾರ ಕೊಟ್ಟು ಆಮೇಲೆ ಮತಕ್ಕೆ ಹೋಗಿದ್ದರೆ ಆ ರಾತ್ರಿ ಹಾಗೆ ಇರುತ್ತಿರಲಿಲ್ಲ. ಕಳೆದುಕೊಂಡವರಿಗೂ ಕೇಳಿಸಿಕೊಂಡರೆಂಬ ಸಮಾಧಾನ ಉಳಿಯುತ್ತಿತ್ತು.

ಒಂದೇ ಒಂದು ಆಕ್ಷೇಪದ ಬೆಲೆ ಎಷ್ಟಿರಬಹುದು ಎಂದು ತಿಳಿಯಬೇಕಾದರೆ ಗೋರೆಗಾಂವ್‌ನ ಸಿದ್ಧಾರ್ಥ ನಗರವನ್ನು, ಅಂದರೆ ಪತ್ರಾ ಚಾಳನ್ನು ನೋಡಬೇಕು. ಅಲ್ಲಿನ 672 ಕುಟುಂಬಗಳ ಪುನರ್ವಸತಿಗೆ 2008ರಲ್ಲಿ ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ ಮ್ಹಾಡಾ, ಬಾಡಿಗೆದಾರರ ಸೊಸೈಟಿ ಮತ್ತು ಬಿಲ್ಡರ್ ನಡುವೆ ಒಪ್ಪಂದವಾಯಿತು. ಜನ ಮನೆ ಖಾಲಿ ಮಾಡಿದರು. ಆಮೇಲೆ ಬಿಲ್ಡರ್ ಕೊಡಬೇಕಿದ್ದ ಬಾಡಿಗೆ ಹಣ ನಿಂತಿತು, ಕೆಲಸ ನಿಂತಿತು, ಪ್ರಕರಣ ತನಿಖೆಗೆ ಹೋಯಿತು, ಮ್ಹಾಡಾ ಯೋಜನೆಯನ್ನು ಮತ್ತೆ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಒಂದೂವರೆ ದಶಕದ ಮೇಲೂ ಆ ಕುಟುಂಬಗಳು ಬಾಡಿಗೆ ಮನೆಗಳಲ್ಲಿ ದಿನ ಎಣಿಸಿದವು. ಅವರಲ್ಲಿ ಹಲವರು ಹೊಸ ಮನೆಯ ಹೊಸ್ತಿಲು ದಾಟದೆಯೇ ತೀರಿಕೊಂಡರು. ‘ಬಾಡಿಗೆ ಕೊಡುವುದನ್ನು ನಿಲ್ಲಿಸಿದರೆ ಏನು ಮಾಡುವುದು?’ ಎಂದು ಯಾವುದೇ ಸೊಸೈಟಿಯ ಗುಂಪಿನಲ್ಲಿ ಒಬ್ಬ ಮುದುಕರು ಬರೆದರೆ ಅದನ್ನು ಅಪಶಕುನದ ಮಾತೆಂದು, ಕೆಲಸ ಕೆಡಿಸುವ ಮಾತೆಂದು ಬದಿಗೆ ತಳ್ಳುವವರೇ ಹೆಚ್ಚು. ಆದರೆ ರೀಡೆವಲಪ್‌ಮೆಂಟಿನಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ಯೋಜನೆಯ ವೆಚ್ಚದ ಶೇ 20ರಷ್ಟು ಬ್ಯಾಂಕ್ ಗ್ಯಾರಂಟಿ ಪಡೆಯಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳಿರುವುದು ಆ ಪ್ರಶ್ನೆಗೆ ಉತ್ತರವಾಗಿಯೇ. ನಮ್ಮ ಸೊಸೈಟಿಗೆ ಆ ಗ್ಯಾರಂಟಿ ಸಿಕ್ಕಿದೆಯೇ, ಯಾವ ಬ್ಯಾಂಕಿನದು, ಯಾವ ದಿನಾಂಕದವರೆಗೆ ಎಂದು ಮೂರು ಸಾಲು ಬರೆದರೆ ಆ ಮುದುಕರ ಆಕ್ಷೇಪಕ್ಕೆ ಉತ್ತರವಾಯಿತು. ಬರೆಯಲು ಆಗದಿದ್ದರೆ ಆಕ್ಷೇಪ ನಿಜವಾಗಿತ್ತು ಎಂದರ್ಥ, ಉಳಿದ ಮೂವತ್ತೊಂದು ಮನೆಯವರು ಹೆಬ್ಬೆರಳೆತ್ತಿದ್ದರೂ.

ಇಲ್ಲಿ ಎದುರು ವಾದ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪ್ರತಿಯೊಂದು ಆಕ್ಷೇಪಕ್ಕೂ ಹೀಗೆ ತಲೆಬಾಗಿದರೆ ಒಬ್ಬ ಹಟಮಾರಿ ಇಡೀ ಕಟ್ಟಡವನ್ನು ಒತ್ತೆ ಇಟ್ಟುಕೊಳ್ಳುವುದಿಲ್ಲವೇ? ಮುಂಬೈಯಲ್ಲಿ ಅಂಥವರು ಇದ್ದಾರೆ. ಹೆಚ್ಚು ಹಣ ಹಿಂಡಲೆಂದೇ ಕೊನೆಯವರೆಗೆ ಸಹಿ ಹಾಕದೆ ಕೂರುವವರ ಪ್ರಕರಣಗಳು ಹೈಕೋರ್ಟಿನಲ್ಲಿ ಸಾಲುಸಾಲಾಗಿವೆ. ಸಹಕಾರ ಸಂಘಕ್ಕೆ ಸೇರಿದ ಮೇಲೆ ಸದಸ್ಯನ ಪ್ರತ್ಯೇಕ ವ್ಯಕ್ತಿತ್ವ ಸಂಘದಲ್ಲಿ ಕರಗುತ್ತದೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅದನ್ನು ಆಧರಿಸಿ ಬಾಂಬೆ ಹೈಕೋರ್ಟ್, ಸಾಮಾನ್ಯ ಸಭೆಯ ಬಹುಮತದ ನಿರ್ಣಯಕ್ಕೆ ಒಪ್ಪದ ಸದಸ್ಯರೂ ಬದ್ಧರು ಎಂದು ಮತ್ತೆ ಮತ್ತೆ ತೀರ್ಪು ಕೊಟ್ಟಿದೆ. ಇದೆಲ್ಲ ಸರಿ. ನಾನು ಕೇಳುತ್ತಿರುವುದು ಆಕ್ಷೇಪಕ್ಕೆ ಶರಣಾಗುವುದನ್ನಲ್ಲ, ಉತ್ತರಿಸುವುದನ್ನು. ಉತ್ತರ ಸಿಕ್ಕ ಮೇಲೂ ಅದೇ ಮಾತನ್ನು ಹಿಡಿದು ಕೂತವರು ತಾವಾಗಿಯೇ ಬೆತ್ತಲಾಗುತ್ತಾರೆ. ‘ನನ್ನ ಅಂಗಡಿ ಮುಂಭಾಗಕ್ಕೇ ಬೇಕು, ಮಿಕ್ಕವರದು ನನಗೆ ಗೊತ್ತಿಲ್ಲ’ ಎಂಬುದು ಒಂದು ಬೇಡಿಕೆ. ‘ಮೇಲ್ಮಹಡಿಗೆ ಹೋದ ಮೇಲೆ ತಿಂಗಳ ನಿರ್ವಹಣೆ ವೆಚ್ಚ ನನ್ನ ಪಿಂಚಣಿಯಲ್ಲಿ ಕಟ್ಟಲಾಗುತ್ತದೆಯೇ’ ಎಂಬುದು ಒಂದು ಆಕ್ಷೇಪ. ಬೇಡಿಕೆಗೆ ಇಲ್ಲ ಎನ್ನಬಹುದು. ಆಕ್ಷೇಪವನ್ನು ಲೆಕ್ಕ ತೋರಿಸಿ ಬಗೆಹರಿಸಬೇಕು. ಎರಡೂ ಬರಹದಲ್ಲಿ ಎದುರೆದುರು ನಿಂತಾಗ ಯಾವುದು ಯಾವುದೆಂದು ಕಟ್ಟಡದವರಿಗೆಲ್ಲ ತಿಳಿಯುತ್ತದೆ, ನಾಳೆ ನ್ಯಾಯಾಲಯಕ್ಕೆ ಹೋದರೆ ನ್ಯಾಯಾಧೀಶರಿಗೂ ತಿಳಿಯುತ್ತದೆ. ಆದ್ದರಿಂದ ಆಕ್ಷೇಪಗಳ ದಾಖಲೆ ಹಟಮಾರಿಗಿಂತ ಹೆಚ್ಚಾಗಿ ಸೊಸೈಟಿಗೇ ರಕ್ಷಣೆ.

ಇನ್ನೊಂದು ವಾದ ಸಮಯದ್ದು, ಮತ್ತು ಇದು ಜೀವದ ಪ್ರಶ್ನೆ. 2017ರ ಜುಲೈಯಲ್ಲಿ ಘಾಟ್‌ಕೋಪರಿನ ಸಾಯಿ ದರ್ಶನ ಕಟ್ಟಡ ಕುಸಿದು 17 ಮಂದಿ ಸತ್ತರು. 2022ರ ಜೂನ್‌ನಲ್ಲಿ ಕುರ್ಲಾದ ನಾಯ್ಕ್ ನಗರದಲ್ಲಿ 19 ಮಂದಿ. ಕಂಬದ ಕಬ್ಬಿಣ ತುಕ್ಕು ಹಿಡಿದು ಹೊರಬಂದಿರುವಾಗ ಚರ್ಚೆಯ ಶಿಷ್ಟಾಚಾರ ಯಾರಿಗೆ ಬೇಕು ಎಂದು ಕೇಳುವವರ ಆತಂಕ ನಿಜವಾದದ್ದು. ಆದರೆ ಆ ಸ್ಥಿತಿಗೆ ಕಾನೂನಿನಲ್ಲಿ ಬೇರೆ ದಾರಿ ಇದೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಲೇಬೇಕು. ಸಿ-1, ಅಂದರೆ ಅತ್ಯಂತ ಅಪಾಯಕಾರಿ ಎಂಬ ವರ್ಗಕ್ಕೆ ಬಿದ್ದರೆ ಪಾಲಿಕೆ ನೋಟಿಸು ಕೊಟ್ಟು ಖಾಲಿ ಮಾಡಿಸಬಹುದು, ಅದಕ್ಕೆ ಯಾರ ಒಮ್ಮತವೂ ಬೇಡ. ಖಾಲಿ ಮಾಡುವುದು ತುರ್ತು. ಯಾವ ಬಿಲ್ಡರ್, ಎಷ್ಟು ಏರಿಯಾ, ಯಾವ ಷರತ್ತು ಎಂಬ ತೀರ್ಮಾನಕ್ಕೆ ಆ ತುರ್ತನ್ನು ಅಂಟಿಸುವುದು ಮೋಸ. ಸಾವಿನ ಭಯ ತೋರಿಸಿ ಇಪ್ಪತ್ತೆರಡು ಪುಟಕ್ಕೆ ಸಹಿ ಹಾಕಿಸಿಕೊಳ್ಳಬಾರದು. ಒಂದು ಯೋಜನೆ ಮುಗಿಯಲು ಮೂರು ನಾಲ್ಕು ವರ್ಷ ಹಿಡಿಯುವಲ್ಲಿ, ಆಕ್ಷೇಪಗಳಿಗೆ ಉತ್ತರ ಬರೆಯಲು ಮೂರು ನಾಲ್ಕು ವಾರ ಹೆಚ್ಚಲ್ಲ. ಅವಸರದಲ್ಲಿ ಉಳಿಸಿದ ಆ ವಾರಗಳನ್ನು ಆಮೇಲೆ ನ್ಯಾಯಾಲಯದಲ್ಲಿ ವರ್ಷಗಳ ಲೆಕ್ಕದಲ್ಲಿ ತೀರಿಸಬೇಕಾಗುತ್ತದೆ.

ಹಾಗಾದರೆ ಉತ್ತರ ಸಾಕಾಯಿತೋ ಇಲ್ಲವೋ ಎಂದು ಹೇಳುವವರು ಯಾರು? ನಿಜಕ್ಕೂ ಗಂಟು ಇರುವುದು ಇಲ್ಲಿ. ಈಗ ಅದನ್ನು ಹೇಳುವುದು ಸೆಕ್ರೆಟರಿ ಅಥವಾ ಚೇರ್ಮನ್. ಗುಂಪಿನ ಅಡ್ಮಿನ್ ಕೂಡ ಅವರೇ. ಪ್ರಸ್ತಾವ ತಂದವರೇ ಚರ್ಚೆ ನಡೆಸಿ, ಬೇಕಾದಾಗ ಅಡ್ಮಿನ್ ಮಾತ್ರ ಬರೆಯುವಂತೆ ಗುಂಪಿಗೆ ಬೀಗ ಹಾಕಿ, ಕೊನೆಗೆ ಒಮ್ಮತವಾಯಿತೆಂದು ಘೋಷಿಸುತ್ತಾರೆ. ಅವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ, ಬೈಗುಳ ತಿಂದು ದುಡಿಯುವ ಪ್ರಾಮಾಣಿಕರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರಾಮಾಣಿಕರಿಗೂ ಈ ಮೂರು ಪಾತ್ರಗಳು ಒಟ್ಟಿಗೆ ಇರಬಾರದು. ಚರ್ಚೆಯನ್ನು ಮುಗಿಸಿ ಬರೆಯುವ ಕೆಲಸವನ್ನು ಆ ಪ್ರಸ್ತಾವದಲ್ಲಿ ಪಾಲಿಲ್ಲದ ಒಬ್ಬರಿಗೆ ಕೊಡಬೇಕು. ಪಕ್ಕದ ಸೊಸೈಟಿಯ ನಿವೃತ್ತ ಶಿಕ್ಷಕರಾಗಲಿ, ವಕೀಲರಾಗಲಿ, ಬ್ಯಾಂಕಿನಿಂದ ನಿವೃತ್ತರಾದವರಾಗಲಿ ಸಾಕು. ಅವರು ಮಾಡಬೇಕಾದದ್ದು ಇಷ್ಟೇ: ಷೇರು ಸರ್ಟಿಫಿಕೇಟಿನ ಪಟ್ಟಿ ಇಟ್ಟುಕೊಂಡು ಯಾವ ಸದಸ್ಯರು ಮಾತನಾಡಿದರು, ಯಾರು ಮಾತನಾಡಲಿಲ್ಲ ಎಂದು ಗುರುತಿಸುವುದು; ಮಾತನಾಡದವರ ಮನೆಯ ಬಾಗಿಲು ತಟ್ಟಿ ಅವರ ಭಾಷೆಯಲ್ಲಿ ಕೇಳುವುದು; ಬಂದ ಆಕ್ಷೇಪಗಳನ್ನೂ ಕಮಿಟಿಯ ಉತ್ತರಗಳನ್ನೂ ಎದುರೆದುರು ಬರೆಯುವುದು; ಯಾವುದಕ್ಕೆ ಉತ್ತರವಿಲ್ಲ ಎಂದು ಹೇಳುವುದು. ಆ ಕಾಗದ ಏಳು ದಿನ ನೋಟಿಸ್ ಬೋರ್ಡಿನ ಮೇಲೂ ಗುಂಪಿನಲ್ಲೂ ಇರಲಿ. ಏಳು ದಿನದಲ್ಲಿ ಹೊಸ ಆಕ್ಷೇಪ ಬಾರದಿದ್ದರೆ, ಬಂದದ್ದಕ್ಕೆಲ್ಲ ಉತ್ತರ ಸಿಕ್ಕಿದ್ದರೆ, ಆಗ ಒಮ್ಮತವಾಯಿತು ಎನ್ನಬಹುದು. ಆಮೇಲಿನ ಸಭೆ, ಶೇ 51, ವಿಡಿಯೊ, ಅಧಿಕಾರಿ, ಇವೆಲ್ಲ ಕಾನೂನಿನ ಕೆಲಸ.

ಸಹಕಾರ ಎಂಬ ವಿಚಾರ ನಮಗೆ ಹೊರಗಿನದಲ್ಲ ಎಂಬುದನ್ನು ಮುಂಬೈ ಕನ್ನಡಿಗರಿಗೆ ನೆನಪಿಸಬೇಕು. ಅಂದಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮರುವರ್ಷ ಉತ್ತರ ಕನ್ನಡದ ಮೂಲದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂಬೈಯಲ್ಲಿ ತಮ್ಮ ಗುರು ಶಾಮರಾವ್ ವಿಠಲರ ಹೆಸರಿನಲ್ಲಿ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದರು. 1915ರಲ್ಲಿ ಗಾಂವ್‌ದೇವಿಯಲ್ಲಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ದೇಶದ ಅತ್ಯಂತ ಹಳೆಯ ಗೃಹನಿರ್ಮಾಣ ಸಹಕಾರ ಸಂಘಗಳಲ್ಲಿ ಒಂದು. ತಾಡ್‌ದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತಿದೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ಗುಮಾಸ್ತರು, ಮೇಷ್ಟರುಗಳು ಒಬ್ಬರನ್ನೊಬ್ಬರು ನಂಬಿ ಮನೆ ಕಟ್ಟಿಕೊಂಡದ್ದು ಆ ಬಗೆಯ ಸಂಘಗಳಲ್ಲಿ. ಆ ನಂಬಿಕೆ ಎದುರು ಬದುರು ಕೂತು ಕೇಳಿಸಿಕೊಂಡದ್ದರಿಂದ ಬಂದದ್ದು. ಈಗ ಮಹಾರಾಷ್ಟ್ರದಲ್ಲಿ ಲಕ್ಷಕ್ಕೂ ಹೆಚ್ಚು ಗೃಹ ಸೊಸೈಟಿಗಳಿವೆ, ಅವುಗಳಲ್ಲಿ ಸಾವಿರಾರು ಈ ದಶಕದಲ್ಲೇ ಕೆಡವಿ ಕಟ್ಟಿಸಿಕೊಳ್ಳಲಿವೆ. ಎದುರು ಬದುರು ಕೂರುವುದು ಎಲ್ಲರಿಗೂ ಸಾಧ್ಯವಾಗದ ಈ ಊರಿನಲ್ಲಿ, ಎರಡು ಗಂಟೆ ಲೋಕಲ್ ಟ್ರೇನಿನಲ್ಲಿ ನಿಂತು ಮನೆಗೆ ಬರುವವರಿಗೆ ಮೊಬೈಲಿನ ಗುಂಪು ವರವೇ ಸರಿ. ಹಿಂದೆ ಸಭೆಗೆ ಬರಲಾಗದೆ ಹೊರಗುಳಿಯುತ್ತಿದ್ದ ಹೆಣ್ಣುಮಕ್ಕಳು, ಪಾಳಿಯಲ್ಲಿ ದುಡಿಯುವವರು ಅಲ್ಲಿ ಮಾತನಾಡಬಲ್ಲರು. ಅದನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ.

ನಮ್ಮ ಕನ್ನಡ ಸಂಘಗಳೂ ಇದನ್ನು ತಮಗೆ ಸಂಬಂಧಿಸಿದ್ದೆಂದೇ ಓದಬೇಕು. ಬೈಲಾ ತಿದ್ದುಪಡಿ, ಕಟ್ಟಡ ನಿಧಿ, ಶಾಲೆಯ ವಿಲೀನ, ಎಲ್ಲವೂ ಈಗ ಗುಂಪುಗಳಲ್ಲೇ ತೀರ್ಮಾನವಾಗುತ್ತಿವೆ. ಊರಿನಲ್ಲಿರುವ, ಕೊಲ್ಲಿಯಲ್ಲಿರುವ ಸದಸ್ಯರ ಸಂಖ್ಯೆ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. ಈ ತಿಂಗಳು ಯಾವುದಾದರೂ ಸೊಸೈಟಿಯ, ಸಂಘದ ಸೆಕ್ರೆಟರಿಯಾಗಿ ‘ಎಲ್ಲರ ಸಹಮತವಿದೆ’ ಎಂದು ಬರೆಯಲು ಹೊರಟಿರುವವರಲ್ಲಿ ನನ್ನ ವಿನಂತಿ ಇದು. ಆ ಸಂದೇಶ ಕಳುಹಿಸುವ ಮೊದಲು ಸದಸ್ಯರ ಪಟ್ಟಿ ತೆಗೆಯಿರಿ. ಒಂದು ಮಾತೂ ಆಡದವರ ಹೆಸರುಗಳಿಗೆ ಗುರುತು ಹಾಕಿ, ಅವರ ಮನೆಗೆ ಹೋಗಿ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅದಕ್ಕೆ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ, ಸಭೆಯನ್ನು ಒಂದು ತಿಂಗಳು ಮುಂದೆ ಹಾಕಿ.